ಮೈಸೂರಲ್ಲಿ ಒಳ್ಳೆ ಏಡಿ ಎಲ್ಲಿ ಸಿಗುತ್ತೆ? (ಮುಂಬೈನಲ್ಲಿ ತಿಂದು ಕೆಟ್ಟವನ ಗೋಳು)

ಕುವೆಂಪುನಗರದ ಕುಳ್ಳ
ಎಲ್ಲರಿಗೂ ನಮಸ್ಕಾರ. ಒಂದು ಗೋಳು, ಒಂದು ಪ್ರಶ್ನೆ. ಮೊದಲು ಗೋಳು.

ಹೋದ ತಿಂಗಳು ಆಫೀಸ್ ಕೆಲಸಕ್ಕೆ ಮುಂಬೈಗೆ ಹೋಗಿದ್ದೆ. ಅಲ್ಲಿರುವ ಗೆಳೆಯ ಕಾಲಾ ಘೋಡಾ ಹತ್ತಿರದ ತ್ರಿಷ್ಣಾಗೆ ಕರೆದುಕೊಂಡು ಹೋದ. ಆರ್ಡರ್ ಮಾಡಿದ ಮೇಲೆ ವೇಟರ್ ಒಂದು ಜೀವಂತ ಏಡಿ ತಂದು ನನ್ನ ಮುಖದ ಮುಂದೆ ಹಿಡಿದ. ಅದರ ಒಂದೊಂದು ಕೊಂಬೂ ನನ್ನ ಅಂಗೈಯಷ್ಟಿತ್ತು. ‘ಓಕೆ ಸರ್?’ ಅಂದ. ಹೆಣ್ಣು ನೋಡಲು ಹೋದವನ ಹಾಗೆ ಸುಮ್ನೆ ತಲೆ ಆಡಿಸಿದೆ. ಆಮೇಲೆ ಬಂತು ನೋಡಿ ಬಟರ್ ಪೆಪ್ಪರ್ ಗಾರ್ಲಿಕ್ ಕ್ರ್ಯಾಬ್. ಕೆಂಪು ಮಸಾಲೆ ಇಲ್ಲ, ಕಾಯಿ ಇಲ್ಲ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು, ಅಷ್ಟೇ. ಕೊಂಬಿನೊಳಗಿನ ಮಾಂಸ ಬೆರಳಿನಷ್ಟು ದಪ್ಪಕ್ಕೆ, ಒಂದೇ ತುಂಡಾಗಿ ಜಾರಿ ಬಂತು. ಬಿಲ್ ಗೆಳೆಯ ಕೊಟ್ಟ. ರುಚಿ ಜಾಸ್ತಿ ಆಗಲು ಅದೂ ಒಂದು ಕಾರಣ ಇರಬಹುದು.

ಮೈಸೂರಿಗೆ ಬಂದು ನಾಲ್ಕು ದಿನ ಅದನ್ನೇ ಹೇಳಿದೆ. ಹೆಂಡತಿ ‘ಬರೀ ಹೇಳ್ತೀರಾ, ತಿನ್ನಿಸ್ತೀರಾ?’ ಅಂದಳು. ಮದುವೆ ದಿನ ಅಂತ ಹೋದ ಭಾನುವಾರ ಇಲ್ಲೇ ಒಂದು ಸೀಫುಡ್ ಹೋಟೆಲಿಗೆ ಹೋದೆವು. ಹೆಸರು ಬೇಡ. ಮೆನುವಿನಲ್ಲಿ ಏಡಿ ಮುಂದೆ ರೇಟ್ ಇರಲಿಲ್ಲ, ‘ಎಪಿಎಸ್’ ಅಂತ ಬರೆದಿತ್ತು. ಅದೇನೋ ಮಸಾಲೆಯ ಹೆಸರು ಅಂದುಕೊಂಡು ‘ಒಂದು ಎಪಿಎಸ್ ಏಡಿ ಕೊಡಿ’ ಅಂದೆ. ವೇಟರ್ ನಗಲಿಲ್ಲ. ಆ ಗುಣ ಮೆಚ್ಚಬೇಕು.

ಬಂದ ಏಡಿ ತೆರೆದರೆ ಒಳಗೆ ಏನೂ ಇಲ್ಲ. ಮನೆ ಖಾಲಿ ಮಾಡಿಕೊಂಡು ಹೋದ ಹಾಗಿತ್ತು. ಕಾಲಿನೊಳಗೆ ನೀರು. ಬೆಣ್ಣೆ ವಾಸನೆಯ ಹಿಂದೆ ಇನ್ನೊಂದು ವಾಸನೆ, ಸೂಪರ್ ಮಾರ್ಕೆಟ್‌ನ ಫಿನಾಯಿಲ್ ಸಾಲಿನಲ್ಲಿ ಬರುವಂಥದ್ದು. ಬಿಲ್ 1,850 ರೂಪಾಯಿ. ಎಪಿಎಸ್ ಅಂದರೆ ಆಸ್ ಪರ್ ಸೈಜ್ ಅಂತ ಆಗ ಗೊತ್ತಾಯ್ತು. ಹೆಂಡತಿ ಈಗ ಮನೆಯಲ್ಲಿ ತರಕಾರಿ ರೇಟ್ ಕೇಳಿದರೂ ‘ಎಪಿಎಸ್’ ಅಂತಾಳೆ.

ಪ್ರಶ್ನೆ: ಮೈಸೂರು, ಮಂಡ್ಯ ಸುತ್ತಮುತ್ತ ಒಳ್ಳೆ ಏಡಿ ಎಲ್ಲಿ ಸಿಗುತ್ತೆ? ಸಿಗಲ್ಲ ಅಂದರೆ ಯಾಕೆ ಸಿಗಲ್ಲ?

ಬಾಡೂಟ ಭಕ್ತ
ಹನುಮಂತು ಹೋಟೆಲಿನ ಮಟನ್ ಪಲಾವ್ ಇರುವ ಊರಲ್ಲಿ ಏಡಿ ಹುಡುಕಲು ಹೋದ್ರಲ್ಲ ಸ್ವಾಮಿ. ತಪ್ಪು ನಿಮ್ಮದೇ.

ಸಕ್ಕರೆ ನಾಡು 571401
ಮದುವೆ ದಿನಕ್ಕೆ ಏಡಿ ತಿನ್ನಿಸಿದ್ದೀರಿ, ಮುಂದಿನ ವರ್ಷ ಏನು ಪ್ಲ್ಯಾನ್? ಚೇಳಾ?

ನಾಲೆ ಏರಿ ಹುಡುಗ
ಮೊದಲು ಹೆಸರು ಸರಿ ಮಾಡಿ. ನಮ್ಮ ಪಾಂಡವಪುರದ ಕಡೆ ಅದು ನಳ್ಳಿ. ಏಡಿ ಅಂತ ಪುಸ್ತಕದಲ್ಲಿ ಓದಿದ್ದು.

ಚಾಮುಂಡಿ ಮೆಟ್ಟಿಲು
ನಮ್ಮ ಆಫೀಸಿಗೆ ಹುಬ್ಬಳ್ಳಿಯಿಂದ ಒಬ್ಬರು ಬಂದಿದ್ದರು. ಮಂಡ್ಯದ ಹುಡುಗ ಅವರ ಹತ್ತಿರ ‘ನಮ್ಮನೇಲಿ ಇವತ್ತು ನಳ್ಳಿ ಸಾರು’ ಅಂದ. ಅವರು ಮೂಳೆ ಸಾರು ಅಂದುಕೊಂಡು ‘ನಲ್ಲಿ ಮೂಳೆ ಚೀಪೋದು ನನಗೂ ಇಷ್ಟ’ ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬ ‘ನಮ್ಮನೇಲಿ ನಲ್ಲೀಲಿ ಮೂರು ದಿನದಿಂದ ನೀರೇ ಬಂದಿಲ್ಲ’ ಅಂದ. ಮೂವರೂ ಬೇರೆ ಬೇರೆ ವಿಷಯ ಮಾತಾಡಿಕೊಂಡು ಸಂತೋಷವಾಗಿ ಟೀ ಮುಗಿಸಿದರು.

ಉಡುಪಿ ಮಗಳು ಮೈಸೂರು ಸೊಸೆ
ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ತಮಿಳಿನಲ್ಲಿ ನಂಡು. ನಂಡು, ನಳ್ಳಿ ಹತ್ತಿರದ ನೆಂಟರ ಹಾಗೆ ಕೇಳಿಸುತ್ತವೆ ನೋಡಿ. ಹೆಸರಿನ ಜಗಳ ಸಾಕು, ಕುಳ್ಳ ಅವರ ಪ್ರಶ್ನೆಗೆ ಬರೋಣ.

ನಿಮಗೆ ಮುಂಬೈಯಲ್ಲಿ ಸಿಕ್ಕಿದ್ದು ಹೊಳೆ ಏಡಿ. ಹೊಳೆ ಸಮುದ್ರ ಸೇರುವ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಇರುತ್ತದೆ. ಹಸಿರು ಮಿಶ್ರಿತ ಕಪ್ಪು ಬಣ್ಣ, ದಪ್ಪ ಚಿಪ್ಪು, ದೊಡ್ಡ ಕೊಂಬು. ಒಂದು ಕಿಲೋ ಮೇಲೂ ತೂಗುತ್ತದೆ. ಇದನ್ನು ಹಗ್ಗದಲ್ಲಿ ಕಟ್ಟಿ ಜೀವಂತ ಮಾರುತ್ತಾರೆ. ಇನ್ನೊಂದು ಕಡಲ ಏಡಿ. ನೀಲಿ ಬಣ್ಣದ್ದು, ಬೆನ್ನ ಮೇಲೆ ಮೂರು ಚುಕ್ಕೆ ಇರುವುದು, ಶಿಲುಬೆ ಗುರುತು ಇರುವುದು ಎಲ್ಲ ಇದರಲ್ಲಿ ಬರುತ್ತವೆ. ಇವು ನೀರಿನಿಂದ ತೆಗೆದ ಮೇಲೆ ಬೇಗ ಸಾಯುತ್ತವೆ, ಹಾಗಾಗಿ ಐಸ್‌ನಲ್ಲಿ ಬರುತ್ತವೆ. ಸಾರಿಗೆ, ಸುಕ್ಕಕ್ಕೆ ಚೆನ್ನ. ಬೆಣ್ಣೆ ಬೆಳ್ಳುಳ್ಳಿಗೆ ಹೊಳೆ ಏಡಿಯೇ ಆಗಬೇಕು.

ಆರಿಸುವಾಗ ನಮ್ಮಮ್ಮ ಮಾಡುವುದು ಹೇಳುತ್ತೇನೆ. ಕೈಯಲ್ಲಿ ಎತ್ತಿ ನೋಡಬೇಕು, ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಮಗುಚಿ ಹಾಕಿ ಹಿಂದಿನ ಕಾಲಿನ ಬುಡದ ಹತ್ತಿರ ಹೆಬ್ಬೆರಳಿನಿಂದ ಒತ್ತಬೇಕು. ಗಟ್ಟಿ ಇದ್ದರೆ ಮಾಂಸ ಇದೆ, ಒಳಗೆ ಹೋದರೆ ನೀರು. ಹೊಟ್ಟೆಯ ಮೇಲಿನ ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ಗುಂಡಗಿದ್ದರೆ ಹೆಣ್ಣು. ಕೊಂಬಿನ ಮಾಂಸ ಬೇಕಿದ್ದರೆ ಗಂಡು ತಗೊಳ್ಳಿ. ಕಿತ್ತಳೆ ಬಣ್ಣದ ಮೊಟ್ಟೆ ಬೇಕಿದ್ದರೆ ಹೆಣ್ಣು.

ಇನ್ನೊಂದು ಮಾತು. ಬಟರ್ ಗಾರ್ಲಿಕ್ ನಮ್ಮ ಮನೆ ಅಡುಗೆ ಅಲ್ಲ, ಅದು ಹೋಟೆಲ್ ಅಡುಗೆ. ಮನೆಯಲ್ಲಿ ಡೆಂಜಿ ಸುಕ್ಕ, ಡೆಂಜಿ ಗಸಿ. ನಮ್ಮಮ್ಮನಿಗೆ ಏಡಿಗೆ ಬೆಣ್ಣೆ ಹಾಕುತ್ತಾರೆ ಅಂದರೆ ಇವತ್ತಿಗೂ ನಂಬಿಕೆ ಇಲ್ಲ.

ಕುವೆಂಪುನಗರದ ಕುಳ್ಳ
@ಉಡುಪಿ ಮಗಳು, ಮೇಡಂ ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ. ಕ್ರ್ಯಾಬ್ ಘೀ ರೋಸ್ಟ್ ನಿಮ್ಮ ಕಡೆಯದೇ ಅಲ್ವಾ?

ಉಡುಪಿ ಮಗಳು ಮೈಸೂರು ಸೊಸೆ
ಘೀ ರೋಸ್ಟ್ ಕುಂದಾಪುರದ್ದು. ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾಯಿತು, ಅದೂ ಕೋಳಿಯಲ್ಲಿ. ಬ್ಯಾಡಗಿ ಮೆಣಸು, ಹುಣಸೆಹುಳಿ, ಕೈ ಬಿಚ್ಚಿ ತುಪ್ಪ. ಆಮೇಲೆ ಸಿಗಡಿಗೆ, ಏಡಿಗೆ, ಕೊನೆಗೆ ಪನೀರಿಗೂ ಹತ್ತಿಸಿದರು. ಈಗ ಅಣಬೆ ಘೀ ರೋಸ್ಟೂ ಇದೆ. ತಡೆಯುವವರು ಯಾರು?

ಬಾಡೂಟ ಭಕ್ತ
ಮುಂಬೈಯ ಮಹೇಶ್ ಲಂಚ್ ಹೋಂ ಕೂಡ ಕರಾವಳಿಯವರದೇ. ಫೋರ್ಟ್‌ನಲ್ಲಿದೆ. ಅಲ್ಲೂ ಬಟರ್ ಗಾರ್ಲಿಕ್ ಏಡಿ ತಿಂದಿದ್ದೀನಿ. ವಿಲೇ ಪಾರ್ಲೆಯ ಗಜಾಲಿಯಲ್ಲಿ ತಂದೂರಿ ಏಡಿ. ಮೂರರಲ್ಲಿ ನನ್ನ ವೋಟು ಗಜಾಲಿಗೆ. ಬೆಣ್ಣೆ ಅಡ್ಡ ಬರಲ್ಲ, ಹೊಗೆ ಹಿಡಿದ ಏಡಿಯ ರುಚಿ ನೇರವಾಗಿ ಸಿಗುತ್ತೆ.

ಸಕ್ಕರೆ ನಾಡು 571401
ಮೂರು ಕಡೆ ಏಡಿ ತಿಂದವರು ಮೊದಲು ‘ತಪ್ಪು ನಿಮ್ಮದೇ’ ಅಂತ ಯಾಕೆ ಬೈದಿರಿ?

ಬಾಡೂಟ ಭಕ್ತ
ತಪ್ಪು ಮೈಸೂರಲ್ಲಿ ಹುಡುಕಿದ್ದು ಅಂದೆ ಗುರು. ತಿಂದದ್ದು ತಪ್ಪು ಅಂದೆನಾ?

ನಾಲೆ ಏರಿ ಹುಡುಗ
ಎಲ್ಲರೂ ಮುಂಬೈ, ಮಂಗಳೂರು ಅಂತೀರಿ. ನಮ್ಮ ಮನೆ ನಳ್ಳಿ ಸಾರಿನ ಕಥೆ ಕೇಳಿ.

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ, ನಾಟಿ ಮುಗಿದ ಹೊತ್ತು. ಗದ್ದೆ ಬದುವಿನಲ್ಲಿ ಬಿಲ ಇರುತ್ತೆ. ಬಾಯಿಯ ಹತ್ತಿರ ಹಸಿ ಮಣ್ಣಿನ ಉಂಡೆ ಬಿದ್ದಿದ್ದರೆ ಒಳಗೆ ಯಜಮಾನ ಇದ್ದಾನೆ ಅಂತ ಅರ್ಥ. ನಮ್ಮ ಚಿಕ್ಕಪ್ಪ ಮೊಣಕೈವರೆಗೂ ಕೈ ಹಾಕಿ, ಕೊಂಬಿನ ಮೇಲಿಂದ ಒತ್ತಿ ಹಿಡಿದು ಎಳೆಯುತ್ತಿದ್ದ. ನಾನು ಒಂದು ಸಲ ಹಾಕಿದೆ. ಹಿಡಿದಿದ್ದು ನಾನಲ್ಲ, ಅದು. ಕಿರುಚಿಕೊಂಡು ಕೈ ಎಳೆದರೆ ಇನ್ನೂ ಬಿಗಿ ಹಿಡಿಯುತ್ತೆ. ಚಿಕ್ಕಪ್ಪ ‘ಒದರಬೇಡ, ನೀರಿಗೆ ಇಡು ಕೈನ’ ಅಂದ. ನೀರಲ್ಲಿ ಇಟ್ಟ ತಕ್ಷಣ ಬಿಟ್ಟು ಹೋಯಿತು. ಹೆಬ್ಬೆರಳ ಮೇಲೆ ಗುರುತು ಇನ್ನೂ ಇದೆ.

ಸಾರು ಮಾಡುತ್ತಿದ್ದುದು ಅಜ್ಜಿ. ಬೆನ್ನಿನ ಚಿಪ್ಪು ಕಿತ್ತು, ಒಳಗಿನ ಬೂದು ಬಣ್ಣದ ಗರಿಯಂಥದ್ದನ್ನು ತೆಗೆದು ಎಸೆಯುತ್ತಿದ್ದರು. ಹೊಟ್ಟೆ ಭಾಗ, ದೊಡ್ಡ ಕೊಂಬು ಒಂದು ಕಡೆ. ಸಣ್ಣ ಕಾಲುಗಳೆಲ್ಲ ಒರಳಿಗೆ. ಸ್ವಲ್ಪ ನೀರು ಚಿಮುಕಿಸಿ ಜಜ್ಜಿ ಜಜ್ಜಿ, ಹಳೇ ಪಂಚೆ ಬಟ್ಟೆಯಲ್ಲಿ ಹಿಂಡುತ್ತಿದ್ದರು. ಬೂದಿ ಬಣ್ಣದ ಹಾಲಿನಂಥ ರಸ. ಅದನ್ನು ಹುರಿದ ಧನಿಯ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕಾಯಿ ರುಬ್ಬಿದ ಮಸಾಲೆಗೆ ಹಾಕಿ ಕುದಿಸಿದರೆ, ಆ ರಸ ಮೊಟ್ಟೆ ಒಡೆದು ಹಾಕಿದ ಹಾಗೆ ಗಟ್ಟಿಯಾಗಿ ಮೇಲೆ ತೇಲುತ್ತಿತ್ತು. ಆ ತೇಲುವ ಕೆನೆಗೆ ನಾವು ನಾಲ್ಕು ಮಕ್ಕಳು ಹೊಡೆದಾಟ. ಬಿಸಿ ಮುದ್ದೆ, ಆ ಸಾರು. ಮಾಂಸ ಎಷ್ಟಿತ್ತು ಅಂದರೆ ಏನೂ ಇರಲಿಲ್ಲ. ಆದರೆ ತಟ್ಟೆ ತೊಳೆದ ಮೇಲೂ ಕೈ ಮೂಸಿ ನೋಡಿಕೊಳ್ಳುತ್ತಿದ್ದೆವು.

ಇದನ್ನು ಯಾವ ಹೋಟೆಲಿನವರು ಮಾಡುತ್ತಾರೆ ಹೇಳಿ?

ಚಾಮುಂಡಿ ಮೆಟ್ಟಿಲು
ನಮ್ಮ ಅಜ್ಜಿ ಕೆಮ್ಮು ಬಂದರೆ ಇದೇ ಸಾರು ಕುಡಿಸುತ್ತಿದ್ದರು. ಕಾಳುಮೆಣಸು ಎರಡು ಪಟ್ಟು ಹಾಕಿ. ಕೆಮ್ಮು ಹೋಗುತ್ತಿದ್ದುದು ನಳ್ಳಿಯಿಂದಲೋ ಮೆಣಸಿನಿಂದಲೋ ದೇವರಿಗೇ ಗೊತ್ತು.

ಹೆಬ್ಬಾಳ ಸೆಕೆಂಡ್ ಸ್ಟೇಜ್
ಸ್ವಲ್ಪ ಕಹಿ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಅಜ್ಜಿ ನೆನಪು ಬೇರೆ, ರುಚಿ ಬೇರೆ. ಗದ್ದೆ ಏಡಿ ಅಂಗೈ ಅಗಲ ಇರುತ್ತೆ, ಚಿಪ್ಪೇ ಮುಕ್ಕಾಲು ಪಾಲು. ಅದನ್ನು ಒಂದು ಕಿಲೋ ತೂಗುವ ಹೊಳೆ ಏಡಿಗೆ ಹೋಲಿಸುವುದು ಸರಿಯಲ್ಲ. ಬೇರೆ ಏನೂ ಸಿಗದೇ ಇದ್ದಾಗ ತಿಂದ ಊಟ ಅದು.

ನಾಲೆ ಏರಿ ಹುಡುಗ
ಬೇರೆ ಸಿಗದೇ ತಿಂದದ್ದಲ್ಲ ಸ್ವಾಮಿ. ನಮ್ಮ ಮನೆಯಲ್ಲಿ ಕೋಳಿ ಇತ್ತು, ಕುರಿ ಇತ್ತು. ನಳ್ಳಿ ಇದ್ದ ದಿನ ಕೋಳಿ ಬದುಕಿಕೊಳ್ಳುತ್ತಿತ್ತು.

ಸಕ್ಕರೆ ನಾಡು 571401
ಅದೂ ಅಲ್ಲದೆ ನಳ್ಳಿ ಹಿಡಿಯುವುದು ಬರೀ ಬಾಯಿ ಚಪಲಕ್ಕಲ್ಲ. ಅದು ಬದುವಿಗೆ ತೂತು ಹಾಕುತ್ತೆ, ರಾತ್ರಿ ಇಡೀ ನೀರು ಪಕ್ಕದ ಗದ್ದೆಗೆ ಹೋಗುತ್ತೆ. ಬೆಳಗ್ಗೆ ಇಬ್ಬರ ಮಧ್ಯೆ ಜಗಳ. ನಮ್ಮೂರಲ್ಲಿ ಮಾತೇ ಬಿಟ್ಟ ಎರಡು ಮನೆ ಇವೆ, ಮೂಲ ಕಾರಣ ಒಂದು ನಳ್ಳಿ. ಹಿಡಿದು ತಿಂದರೆ ಬದುವೂ ಉಳಿಯಿತು, ಸಾರೂ ಆಯಿತು. ಈಗ ನಮ್ಮ ಗದ್ದೆಯಲ್ಲಿ ಔಷಧಿ ಹೊಡೆದೂ ಹೊಡೆದೂ ಬಿಲವೇ ಕಾಣಲ್ಲ.

ಸೊಪ್ಪಿನ ಸಾರು
ನಾನು ಸಸ್ಯಾಹಾರಿ. ಆದರೂ ಮೊದಲಿನಿಂದ ಓದ್ತಾ ಕೂತಿದ್ದೀನಿ. ಯಾಕೆ ಅಂತ ಕೇಳಬೇಡಿ.

ಸಿಂಗಾಪುರದ ಗೌಡ
ನಾನು ಕೆ.ಆರ್. ಪೇಟೆಯವನು, ಒಂಬತ್ತು ವರ್ಷದಿಂದ ಸಿಂಗಾಪುರದಲ್ಲಿದ್ದೇನೆ. ಇಲ್ಲಿಯ ಚಿಲ್ಲಿ ಕ್ರ್ಯಾಬ್ ಅಂದರೆ ನಮ್ಮಲ್ಲಿ ಮೈಸೂರು ಪಾಕ್ ಇದ್ದ ಹಾಗೆ, ಬಂದವರಿಗೆಲ್ಲ ತಿನ್ನಿಸಲೇಬೇಕು. ಶುರುವಾದದ್ದು 1950ರ ದಶಕದಲ್ಲಿ. ಚೆರ್ ಯಾಮ್ ಟಿಯಾನ್ ಅನ್ನುವ ಹೆಂಗಸು ಏಡಿಯನ್ನು ಹಬೆಯಲ್ಲಿ ಬೇಯಿಸುತ್ತಿದ್ದರು. ಗಂಡ ‘ಬೇರೆ ಥರ ಮಾಡು’ ಅಂದನಂತೆ. ಟೊಮೆಟೊ ಸಾಸ್ ಹಾಕಿದರು, ಸಾಲಲಿಲ್ಲ, ಚಿಲ್ಲಿ ಸಾಸ್ ಸೇರಿಸಿದರು. ತಳ್ಳುಗಾಡಿಯಲ್ಲಿ ಮಾರಿ, ಆಮೇಲೆ ಪಾಮ್ ಬೀಚ್ ಅಂತ ಹೋಟೆಲ್ಲೇ ಮಾಡಿದರು. ಕರಿಮೆಣಸಿನ ಏಡಿ ಲಾಂಗ್ ಬೀಚ್ ಹೋಟೆಲಿನದ್ದು. ಈಗ ಜಂಬೋ ಸೀಫುಡ್ ಮುಂದೆ ಕ್ಯೂ ನೋಡಬೇಕು ನೀವು.

ನಿಜ ಹೇಳಲಾ? ಚಿಲ್ಲಿ ಕ್ರ್ಯಾಬ್ ಅಂತ ಹೆಸರು, ಖಾರ ಇಲ್ಲ. ಸಿಹಿ ಸಿಹಿ, ಮೊಟ್ಟೆ ಕದಡಿದ ಕೆಂಪು ಗ್ರೇವಿ. ನಮ್ಮಪ್ಪ ಬಂದಾಗ ತಿನ್ನಿಸಿದೆ. ‘ಇದಕ್ಕೆ ಚಿಲ್ಲಿ ಅಂತ ಯಾಕಪ್ಪ ಹೆಸರಿಟ್ಟರು?’ ಅಂತ ಕೇಳಿ, ಜೇಬಿನಿಂದ ಉಪ್ಪಿನಕಾಯಿ ಪೊಟ್ಟಣ ತೆಗೆದರು. ಆದರೆ ಕರಿದ ಮಂಟೌ ಬನ್ನನ್ನು ಆ ಗ್ರೇವಿಗೆ ಅದ್ದಿ ಅದ್ದಿ ಆರು ತಿಂದರು. ಬ್ಲ್ಯಾಕ್ ಪೆಪ್ಪರ್ ಏಡಿ ಮಾತ್ರ ‘ಇದು ನಮ್ಮದೇ’ ಅಂದರು.

ಇನ್ನೊಂದು ವಿಷಯ. ಇಲ್ಲಿ ಒಳ್ಳೆ ಹೋಟೆಲಿನ ಮೆನುವಿನಲ್ಲಿ ‘ಶ್ರೀಲಂಕಾ ಏಡಿ’ ಅಂತ ಹೆಮ್ಮೆಯಿಂದ ಹಾಕಿರುತ್ತಾರೆ.

ಕ್ಲಬ್ ರೋಡ್ ಕ್ರಿಕೆಟ್
ಶ್ರೀಲಂಕಾ ಅಂದ ಮೇಲೆ ಮಿನಿಸ್ಟ್ರಿ ಆಫ್ ಕ್ರ್ಯಾಬ್ ಹೆಸರು ಬರಲೇಬೇಕು. ಕೊಲಂಬೊದಲ್ಲಿ ಸಂಗಕ್ಕಾರ, ಜಯಸೂರ್ಯ ಸೇರಿ ಮಾಡಿದ್ದು.

ಚಾಮುಂಡಿ ಮೆಟ್ಟಿಲು
ಜಯಸೂರ್ಯ ಅಲ್ಲ, ಜಯವರ್ಧನೆ. ಕ್ರಿಕೆಟ್ ಅಂತ ಹೆಸರಿಟ್ಟುಕೊಂಡು ಹೀಗಾ?

ಕ್ಲಬ್ ರೋಡ್ ಕ್ರಿಕೆಟ್
ಜಯ ಅಂತ ಶುರುವಾದ್ದರಿಂದ ಕೈ ಓಡಿಬಿಟ್ಟಿತು, ಕ್ಷಮಿಸಿ. ಮಹೇಲ ಜಯವರ್ಧನೆ, ಕುಮಾರ ಸಂಗಕ್ಕಾರ, ಜೊತೆಗೆ ಬಾಣಸಿಗ ದರ್ಶನ್ ಮುನಿದಾಸ. 2011ರಲ್ಲಿ ಶುರು. ಡಚ್ಚರ ಕಾಲದ ಹಳೇ ಆಸ್ಪತ್ರೆ ಕಟ್ಟಡದಲ್ಲಿದೆ. ನಾನು ಮ್ಯಾಚ್ ನೋಡಲು ಹೋದಾಗ ತಿಂದಿದ್ದೆ.

ಅಲ್ಲಿ ಸೈಜಿಗೆ ಒಂದೊಂದು ಹೆಸರು. ಅರ್ಧ ಕಿಲೋದಿಂದ ಶುರುವಾಗಿ ಎರಡು ಕಿಲೋವರೆಗೆ. ಅತಿ ದೊಡ್ಡದಕ್ಕೆ ‘ಕ್ರ್ಯಾಬ್‌ಜಿಲ್ಲಾ’ ಅಂತ ಹೆಸರು. ಇವತ್ತು ಯಾವ ಸೈಜ್ ಇದೆ, ಯಾವುದು ಖಾಲಿ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ಫ್ರೀಜರ್ ಇಟ್ಟಿಲ್ಲ ಅನ್ನುವುದೇ ಅವರ ಹೆಮ್ಮೆ. ಹಿಂದಿನ ಯೋಚನೆ ಸರಳ: ಒಳ್ಳೆ ಏಡಿಯೆಲ್ಲ ಸಿಂಗಾಪುರಕ್ಕೆ ಹೋಗುತ್ತೆ, ನಮ್ಮ ಊರಲ್ಲೇ ನಮಗೆ ಸಿಗಲ್ಲ, ಅದನ್ನು ಇಲ್ಲೇ ಬಡಿಸೋಣ. ಕತ್ತಿಗೆ ಏಪ್ರನ್ ಕಟ್ಟುತ್ತಾರೆ, ಚಿಕ್ಕ ಮಗುವಿಗೆ ಊಟ ಮಾಡಿಸುವ ಹಾಗೆ. ನಾನು ಪೆಪ್ಪರ್ ಕ್ರ್ಯಾಬ್ ತಿಂದೆ. ಮೆಣಸು ಅರೆದು ಪುಡಿ ಮಾಡಿರಲಿಲ್ಲ, ಒರಟಾಗಿ ಕುಟ್ಟಿದ್ದು ಹಲ್ಲಿಗೆ ಸಿಗುತ್ತಿತ್ತು.

ಕುವೆಂಪುನಗರದ ಕುಳ್ಳ
ಬೋರ್ಡಿನಲ್ಲಿ ಸೈಜ್ ಬರೆದಿರುತ್ತಾರಾ! ಎಪಿಎಸ್ ಅಂತ ಕಣ್ಣಾಮುಚ್ಚಾಲೆ ಇಲ್ಲ!

ಮಯಾಮಿ ಮಂಡ್ಯ
ಇಲ್ಲಿಯದು ಕೇಳಿ. ಮಯಾಮಿ ಬೀಚ್‌ನಲ್ಲಿ ಜೋಸ್ ಸ್ಟೋನ್ ಕ್ರ್ಯಾಬ್ ಅಂತ 1913ರ ಹೋಟೆಲ್. ಅಲ್ಲಿ ಇಡೀ ಏಡಿ ಕೊಡುವುದೇ ಇಲ್ಲ, ಬರೀ ಕೊಂಬು. ಬೇಯಿಸಿ ತಣ್ಣಗೆ ಮಾಡಿ ಸಾಸಿವೆ ಸಾಸ್ ಜೊತೆ ಕೊಡುತ್ತಾರೆ. ಹಿಡಿದವರು ಕೊಂಬು ಮುರಿದುಕೊಂಡು ಏಡಿಯನ್ನು ವಾಪಸ್ ಸಮುದ್ರಕ್ಕೆ ಬಿಡುತ್ತಾರೆ, ಮತ್ತೆ ಬೆಳೆಯುತ್ತೆ ಅಂತ. ಅಕ್ಟೋಬರ್ 15ರಿಂದ ಮೇ 1ರವರೆಗೆ ಮಾತ್ರ ಹಿಡಿಯಲು ಬಿಡುತ್ತಾರೆ.

ಬಾಡೂಟ ಭಕ್ತ
ಕೈ ಮುರಿದು ‘ಹೋಗು, ಮುಂದಿನ ಸೀಸನ್‌ಗೆ ಬಾ’ ಅನ್ನೋದಾ? ನಮ್ಮೂರ ಬಡ್ಡಿ ವ್ಯವಹಾರದವರೇ ವಾಸಿ.

ನಾಲೆ ಏರಿ ಹುಡುಗ
ತಣ್ಣಗೆ ಮಾಡಿ ಕೊಡ್ತಾರಾ?? ನಳ್ಳಿನಾ?? ತಣ್ಣಗೆ???

ಮಯಾಮಿ ಮಂಡ್ಯ
ನಾನೂ ಮೊದಲ ಸಲ ಮೈಕ್ರೋವೇವ್ ಇದೆಯಾ ಅಂತ ಕೇಳಿದ್ದೆ. ಕೇಳಬಾರದಿತ್ತು.

ಹೆಬ್ಬಾಳ ಸೆಕೆಂಡ್ ಸ್ಟೇಜ್
ಬ್ಯಾಂಕಾಕ್‌ನ ಜೇ ಫಾಯ್ ಏಡಿ ಆಮ್ಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಬೀದಿ ಬದಿ ಅಂಗಡಿ, ಇದ್ದಿಲ ಒಲೆ, ವಯಸ್ಸಾದ ಹೆಂಗಸು, ಎಣ್ಣೆ ಸಿಡಿಯದಿರಲಿ ಅಂತ ಕಣ್ಣಿಗೆ ದೊಡ್ಡ ಗಾಗಲ್ಸ್. 2017ರ ಕೊನೆಯಲ್ಲಿ ಮಿಶೆಲಿನ್ ಸ್ಟಾರ್ ಸಿಕ್ಕಿತು. ಆಮ್ಲೆಟ್ ಅಂದರೆ ನಮ್ಮ ಥರ ತೆಳ್ಳಗಲ್ಲ, ಸುರುಳಿ ಸುತ್ತಿದ ಚಾಪೆ ಹಾಗೆ, ಒಳಗೆ ಬರೀ ಏಡಿ ಮಾಂಸ. ಚಿಪ್ಪು ಒಡೆಯುವ ಕೆಲಸವೇ ಇಲ್ಲ. ಸಜ್ಜನರು ತಿನ್ನುವ ಏಡಿ ಅದು.

ಉಡುಪಿ ಮಗಳು ಮೈಸೂರು ಸೊಸೆ
ಚಿಪ್ಪು ಒಡೆಯದೆ ತಿನ್ನುವುದಾದರೆ ಏಡಿ ಯಾಕೆ, ಬಂಗುಡೆ ತಿನ್ನಿ. ಒಂದು ಗಂಟೆ ಕೂತು, ಮಾತಾಡಿಕೊಂಡು, ಕಾಲು ಕಚ್ಚಿ, ಚೀಪಿ, ಮೊಣಕೈವರೆಗೆ ರಸ ಇಳಿಸಿಕೊಂಡರೆ ಅದು ಏಡಿ ಊಟ. ನಮ್ಮನೆಯಲ್ಲಿ ಏಡಿ ದಿನ ಗಡಿಯಾರ ನೋಡುವವರಿಗೆ ಮೀನು ಸಾರು ಬೇರೆ ಮಾಡುತ್ತಾರೆ.

ಸೊಪ್ಪಿನ ಸಾರು
ಒಂದು ಪ್ರಶ್ನೆ ಕೇಳಬಹುದಾ? ಜೀವಂತ ಇದ್ದಾಗಲೇ ಕುದಿಯುವ ನೀರಿಗೆ ಹಾಕ್ತಾರಾ?

ಲ್ಯಾಬ್ ಕೋಟು
ಕೆಲವರು ಹಾಕುತ್ತಾರೆ. ಹಾಕಬೇಕಿಲ್ಲ. ಅರ್ಧ ಗಂಟೆ ಐಸ್ ನೀರಿನಲ್ಲಿ ಇಟ್ಟರೆ ಜಡವಾಗುತ್ತೆ, ಆಮೇಲೆ ಹೊಟ್ಟೆಯ ಮುಚ್ಚಳದ ಕೆಳಗೆ ಚೂಪಾದ ಚಾಕು ಹಾಕಿ ಮುಗಿಸುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ 2018ರಿಂದ ಲಾಬ್‌ಸ್ಟರನ್ನು ಪ್ರಜ್ಞೆ ತಪ್ಪಿಸದೆ ಕುದಿಯುವ ನೀರಿಗೆ ಹಾಕುವಂತಿಲ್ಲ, ಕಾನೂನೇ ಇದೆ.

ಆಹಾರ ವಿಜ್ಞಾನ ಓದಿದವನು ನಾನು, ಕುಳ್ಳ ಅವರ ಫಿನಾಯಿಲ್ ವಾಸನೆ ಬಗ್ಗೆ ಹೇಳುತ್ತೇನೆ. ಅದು ಅಮೋನಿಯ ಇರಬೇಕು. ಏಡಿ ಸತ್ತ ತಕ್ಷಣ ಅದರ ಹೊಟ್ಟೆಯೊಳಗಿನ ಕಿಣ್ವಗಳು ಮಾಂಸವನ್ನೇ ಕರಗಿಸಲು ಶುರು ಮಾಡುತ್ತವೆ, ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಮಾಂಸ ಪೇಸ್ಟ್ ಹಾಗೆ ಆಗುತ್ತೆ, ಮೂಗಿಗೆ ಚುಚ್ಚುವ ವಾಸನೆ ಬರುತ್ತೆ. ಬೆಣ್ಣೆ ಎಷ್ಟು ಸುರಿದರೂ ಅದು ಮುಚ್ಚಲ್ಲ. ಅಂಥದ್ದು ಬಂದರೆ ತಿನ್ನದೆ ವಾಪಸ್ ಕಳಿಸಿ.

ಒಳಗೆ ಖಾಲಿ ಇದ್ದದ್ದು ಬೇರೆ ಕಾರಣಕ್ಕೆ. ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪು ಕಳಚಬೇಕು. ಹೊಸ ಚಿಪ್ಪು ದೊಡ್ಡದಾಗಿರುತ್ತೆ, ಒಳಗೆ ನೀರು ತುಂಬಿಕೊಂಡಿರುತ್ತೆ. ಮಾಂಸ ತುಂಬಲು ದಿನ ಹಿಡಿಯುತ್ತೆ. ದೊಡ್ಡ ಸೈಜಿನ ಶರ್ಟ್ ಹಾಕಿದ ಶಾಲೆ ಹುಡುಗನ ಹಾಗೆ. ತೂಕಕ್ಕೆ ನೀರೂ ಬರುತ್ತೆ, ಹಾಗಾಗಿ ಎಪಿಎಸ್ ಲೆಕ್ಕದಲ್ಲಿ ನೀವು ನೀರಿಗೂ ದುಡ್ಡು ಕೊಟ್ಟಿದ್ದೀರಿ.

ನಾಲೆ ಏರಿ ಅವರಿಗೆ ಒಂದು ಮಾತು. ಗದ್ದೆ ಏಡಿ ಚೆನ್ನಾಗಿ ಕುದಿಯಲೇಬೇಕು. ಸಿಹಿ ನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಸೇರುವ ಒಂದು ಜಾತಿಯ ಹುಳುವಿನ ಮರಿ ಇರಬಹುದು. ಹಸಿ ಅಥವಾ ಅರೆಬೆಂದ ಏಡಿ ತಿಂದವರಿಗೆ ಕ್ಷಯದ ಹಾಗೆ ಕೆಮ್ಮು, ಕಫದಲ್ಲಿ ರಕ್ತ. ಈಶಾನ್ಯ ರಾಜ್ಯಗಳಲ್ಲಿ ಇದು ಗೊತ್ತಿರುವ ಕಾಯಿಲೆ. ನಿಮ್ಮಜ್ಜಿ ಕೆನೆ ತೇಲುವವರೆಗೆ ಕುದಿಸುತ್ತಿದ್ದರಲ್ಲ, ಸರಿಯಾಗೇ ಮಾಡುತ್ತಿದ್ದರು. ಆದರೆ ರಸ ಹಿಂಡಿದ ಬಟ್ಟೆ, ಒರಳು, ಕೈ ಕೂಡ ಬಿಸಿ ನೀರಲ್ಲಿ ತೊಳೆಯಬೇಕು. ಹಿಂಡಿದ ಹಸಿ ರಸವನ್ನು ಕೆಮ್ಮಿಗೆ ಅಂತ ಯಾರಿಗೂ ಕುಡಿಸಬೇಡಿ.

ಚಾಮುಂಡಿ ಮೆಟ್ಟಿಲು
ಕೆಮ್ಮಿಗೆ ಔಷಧಿ ಅಂತ ಕುಡಿದು ಕೆಮ್ಮು ತಂದುಕೊಳ್ಳೋದಾ! ನಮ್ಮಜ್ಜಿ ಕುದಿಸುತ್ತಿದ್ದರು ಬಿಡಿ, ಬದುಕಿದೆ. ನೀವು ಸಿಎಫ್‌ಟಿಆರ್‌ಐ, ಅಂದರೆ ನಮ್ಮೂರ ಆಹಾರ ಸಂಶೋಧನಾ ಸಂಸ್ಥೆಯವರಾ?

ಲ್ಯಾಬ್ ಕೋಟು
ಅಲ್ಲ. ಅದರ ಹತ್ತಿರದ ಟೀ ಅಂಗಡಿಯ ಖಾಯಂ ಗಿರಾಕಿ.

ಸಕ್ಕರೆ ನಾಡು 571401
ಬೇಯಿಸಿದರೆ ಕೆಂಪಗಾಗೋದು ಯಾಕೆ? ನನ್ನ ಮಗಳು ಕೇಳಿದಳು, ‘ಸಿಟ್ಟು ಬಂದಿದೆ’ ಅಂದಿದ್ದೀನಿ.

ಲ್ಯಾಬ್ ಕೋಟು
ಕೆಂಪು ಬಣ್ಣ ಮೊದಲೇ ಚಿಪ್ಪಿನಲ್ಲಿರುತ್ತೆ. ಆಸ್ಟಾಕ್ಸಾಂಥಿನ್ ಅಂತ ಅದರ ಹೆಸರು. ಒಂದು ಪ್ರೋಟೀನ್ ಅದನ್ನು ಹಿಡಿದುಕೊಂಡಿರುವವರೆಗೆ ನೀಲಿ, ಹಸಿರು ಕಾಣುತ್ತೆ. ಬಿಸಿಗೆ ಪ್ರೋಟೀನ್ ಕೈ ಬಿಟ್ಟರೆ ಕೆಂಪು ಹೊರಗೆ ಬರುತ್ತೆ. ಮಗಳಿಗೆ ಸಿಟ್ಟು ಅಂತಲೇ ಹೇಳಿ, ಅರ್ಥ ಆಗುತ್ತೆ.

ಹೆಬ್ಬಾಳ ಸೆಕೆಂಡ್ ಸ್ಟೇಜ್
ಇಷ್ಟೆಲ್ಲ ಆಯಿತು, ಮೈಸೂರಲ್ಲಿ ಎಲ್ಲಿ ಸಿಗುತ್ತೆ ಅಂತ ಒಬ್ಬರೂ ಹೇಳಲಿಲ್ಲ.

ಬಾಡೂಟ ಭಕ್ತ
ಕೆಆರ್‌ಎಸ್ ಕಡೆ ಹೋಗಿ ಮೀನು ಫ್ರೈ ತಿನ್ನಿ. ಕಣ್ಣ ಮುಂದೆ ಮಸಾಲೆ ಹಚ್ಚಿ ಕಾವಲಿಗೆ ಹಾಕುತ್ತಾರೆ. ಏಡಿ ಮರೆತು ಹೋಗುತ್ತೆ.

ಕುವೆಂಪುನಗರದ ಕುಳ್ಳ
ಏಡಿ ಕೇಳಿದರೆ ಮೀನು ತೋರಿಸುತ್ತೀರಿ. ಆ ಹೋಟೆಲಿನವರಿಗೂ ನಿಮಗೂ ಏನು ವ್ಯತ್ಯಾಸ?

ತಟ್ಟೆ ತೊಳೆದವನು
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮೈಸೂರಿನ ಎರಡು ಹೋಟೆಲ್‌ಗಳ ಅಡುಗೆಮನೆಯಲ್ಲಿ ಏಳು ವರ್ಷ ಇದ್ದವನು ನಾನು. ತಟ್ಟೆ ತೊಳೆಯುವುದರಿಂದ ಶುರು ಮಾಡಿ ತವಾವರೆಗೆ ಬಂದೆ. ‘ಯಾಕೆ ಸಿಗಲ್ಲ’ ಅನ್ನುವುದಕ್ಕೆ ಉತ್ತರ ನನ್ನ ಹತ್ತಿರ ಇದೆ.

ಮಂಗಳೂರಿಂದ ಮೈಸೂರಿಗೆ ಸುಮಾರು 250 ಕಿಲೋಮೀಟರ್, ಸಂಪಾಜೆ ಘಾಟಿ ಹತ್ತಿ ಬರಬೇಕು. ಮೀನಿನ ಗಾಡಿ ರಾತ್ರಿ ಹೊರಟು ಬೆಳಗಿನ ಜಾವ ತಲುಪುತ್ತೆ. ದೂರ ದೊಡ್ಡ ತೊಂದರೆ ಅಲ್ಲ. ಹೊಳೆ ಏಡಿ ಗಟ್ಟಿ ಜೀವ. ಒದ್ದೆ ಗೋಣಿಚೀಲ ಹೊದಿಸಿ ತಂಪಾಗಿ ಇಟ್ಟರೆ ನೀರಿಲ್ಲದೆ ಮೂರು ನಾಲ್ಕು ದಿನ ಬದುಕುತ್ತೆ. ತೊಂದರೆ ಗಿರಾಕಿಯದು. ನಾನಿದ್ದ ಕಡೆ ಭಾನುವಾರ ನಾಲ್ಕು ಏಡಿ ಹೋಗುತ್ತಿತ್ತು. ಸೋಮವಾರದಿಂದ ಗುರುವಾರದವರೆಗೆ ಒಂದೂ ಇಲ್ಲ. ಇಲ್ಲಿಯವರು ಸೀಫುಡ್ ಹೋಟೆಲಿಗೆ ಬಂದರೂ ಕೊನೆಗೆ ಅಂಜಲ್ ಫ್ರೈ, ಸಿಗಡಿ ಬಿರಿಯಾನಿ ಅಂತಾರೆ. ಹತ್ತು ಏಡಿ ತರಿಸಿದರೆ ಆರು ಉಳಿಯುತ್ತಿತ್ತು. ದಿನಾ ಬೆಳಗ್ಗೆ ಚೀಲ ತೆಗೆದು ಒಂದೊಂದರ ಕಣ್ಣು ಮುಟ್ಟಿ ನೋಡುವುದು ನನ್ನ ಕೆಲಸ. ಕಣ್ಣು ಒಳಗೆ ಎಳೆದುಕೊಂಡರೆ ಜೀವ ಇದೆ. ಎಳೆದುಕೊಳ್ಳದೇ ಇದ್ದರೆ ಓನರಿಗೆ ಹೇಳಬೇಕು. ಓನರ್ ಎಸೆಯಬೇಕು. ಎಷ್ಟು ಜನ ಎಸೆಯುತ್ತಾರೆ? ‘ಫ್ರೀಜರಿಗೆ ಹಾಕು’ ಅಂತಾರೆ. ಅದೇ ನಿಮ್ಮ ಟೇಬಲಿಗೆ ಬಂದದ್ದು ಕುಳ್ಳ ಅಣ್ಣ.

ಇನ್ನು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲ ಏಡಿ ಹೊಸದು ಅಂತ ಯಾರಾದರೂ ಕೊಟ್ಟರೆ ನಗಬೇಕು. ಹೊಳೆ ಏಡಿ ಆಗಲೂ ಬರುತ್ತೆ, ಕೆಸರಿನಲ್ಲಿ ಕೈಯಿಂದ, ಬಲೆ ಬುಟ್ಟಿಯಿಂದ ಹಿಡಿಯುವುದು.

ಹಾಗಾಗಿ ಹೋಟೆಲ್ ಯಾವುದು ಅಂತ ಕೇಳಬೇಡಿ, ಯಾವತ್ತು ಅಂತ ಕೇಳಿ. ಎರಡು ದಿನ ಮುಂಚೆ ಫೋನ್ ಮಾಡಿ. ‘ಜೀವಂತ ಹೊಳೆ ಏಡಿ, ಗಂಡು, ಮುಕ್ಕಾಲು ಕಿಲೋ ಮೇಲೆ, ಅಡುಗೆಗೆ ಮುಂಚೆ ತೋರಿಸಬೇಕು, ರೇಟು ಈಗಲೇ ಹೇಳಿ’ ಅನ್ನಿ. ಒಪ್ಪಿದರೆ ಹೋಗಿ. ‘ಬನ್ನಿ ಸರ್, ಎಲ್ಲಾ ಫ್ರೆಶ್’ ಅಂದರೆ ಹೋಗಬೇಡಿ.

ಉಡುಪಿ ಮಗಳು ಮೈಸೂರು ಸೊಸೆ
ಕಣ್ಣು ಮುಟ್ಟಿ ನೋಡುವುದು ನಮ್ಮಮ್ಮನಿಗೂ ಗೊತ್ತಿರಲಿಲ್ಲ. ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ‘ಘಟ್ಟದ ಮೇಲಿನವರು ಹೇಳಿಕೊಟ್ಟರಾ’ ಅಂತ ಬೈತಾರೆ.

ಹೆಬ್ಬಾಳ ಸೆಕೆಂಡ್ ಸ್ಟೇಜ್
ಅಂದರೆ ತಪ್ಪು ನಮ್ಮದೇ, ನಾವು ವಾರಕ್ಕೆ ಮೂರು ಸಲ ತಿನ್ನಬೇಕು ಅಂತಾನಾ? ಮನೆ ಮಾರಬೇಕಾಗುತ್ತೆ.

ತಟ್ಟೆ ತೊಳೆದವನು
ಹೌದು ಸರ್, ನೀವು ತಿನ್ನದೆ ಅವರು ತರಿಸಲ್ಲ, ಅವರು ತರಿಸದೆ ನೀವು ತಿನ್ನಲ್ಲ. ಏಳು ವರ್ಷ ಅದನ್ನೇ ನೋಡಿದೆ.

ಕುವೆಂಪುನಗರದ ಕುಳ್ಳ
(ಹನ್ನೆರಡು ದಿನದ ನಂತರ) ವರದಿ ಒಪ್ಪಿಸುತ್ತಿದ್ದೇನೆ.

ತಟ್ಟೆ ತೊಳೆದವನು ಹೇಳಿದ ಮಾತನ್ನು ಕಾಗದದ ಮೇಲೆ ಬರೆದುಕೊಂಡು ನಾಲ್ಕು ಕಡೆ ಫೋನ್ ಮಾಡಿದೆ. ಇಬ್ಬರು ‘ಎಲ್ಲಾ ಫ್ರೆಶ್’ ಅಂದರು. ಒಬ್ಬರು ಫೋನ್ ಇಟ್ಟರು. ನಾಲ್ಕನೆಯವರು ಒಂದು ಕ್ಷಣ ಸುಮ್ಮನಿದ್ದು ‘ಸರ್, ನೀವು ಯಾವ ಹೋಟೆಲಿನವರು?’ ಅಂತ ಕೇಳಿದರು. ಅಲ್ಲೇ ಬುಕ್ ಮಾಡಿದೆ. ಶನಿವಾರ ರಾತ್ರಿ ಹೋದಾಗ ತಟ್ಟೆಯಲ್ಲಿ ಇಟ್ಟು ತೋರಿಸಿದರು, 820 ಗ್ರಾಂ. ಕಣ್ಣು ಮುಟ್ಟಿದೆ. ಎಳೆದುಕೊಂಡಿತು. ಹೆಂಡತಿಯೂ ಮುಟ್ಟಿದಳು. ಪಕ್ಕದ ಟೇಬಲಿನ ಮಗು ಕೂಡ ಬಂದು ಮುಟ್ಟಿತು. ತ್ರಿಷ್ಣಾದಷ್ಟು ಬೆಣ್ಣೆ ಇರಲಿಲ್ಲ, ಬೆಳ್ಳುಳ್ಳಿ ಸ್ವಲ್ಪ ಸೀದಿತ್ತು, ಆದರೆ ಕೊಂಬಿನ ತುಂಬ ಮಾಂಸ. ಹೆಂಡತಿ ಒಂದೂ ಮಾತಾಡದೆ ತಿಂದಳು. ಅದೇ ಸರ್ಟಿಫಿಕೇಟ್.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಮದ್ದೂರು ಕಡೆಯವರು. ‘ಅಷ್ಟು ದುಡ್ಡು ಕೊಟ್ರಾ? ನಮ್ಮಪ್ಪ ಬದು ಹಾಳು ಮಾಡುತ್ತೆ ಅಂತ ಹಿಡಿದು ಏರಿ ಮೇಲೆ ಎಸೀತಿದ್ರು’ ಅಂದರು. ಸ್ವಲ್ಪ ಹೊತ್ತು ಬಿಟ್ಟು ‘ನಲವತ್ತು ವರ್ಷ ಆಯ್ತು ನಳ್ಳಿ ಸಾರು ಮಾಡಿ’ ಅಂದರು. ನಾಲೆ ಏರಿ ಅವರೇ, ನಿಮ್ಮ ಕಡೆ ಇನ್ನೂ ಸಿಗುತ್ತಾ?

ನಾಲೆ ಏರಿ ಹುಡುಗ
ನಮ್ಮ ಕೆಳಗಿನ ಗದ್ದೆಗೆ ಮೂರು ವರ್ಷದಿಂದ ಔಷಧಿ ಹೊಡೆದಿಲ್ಲ, ಅಲ್ಲಿ ಇವೆ. ನೀರು ಬಿಟ್ಟು ಹತ್ತು ದಿನ ಆಗಲಿ, ಫೋನ್ ಮಾಡ್ತೀನಿ. ಅಮ್ಮನನ್ನೇ ಕರೆದುಕೊಂಡು ಬನ್ನಿ. ನಮ್ಮ ಅಜ್ಜಿ ಒರಳು ಹಿತ್ತಲಲ್ಲೇ ಇದೆ, ಕೋಳಿಗೆ ನೀರು ಇಡ್ತಾ ಇದ್ದೀವಿ ಅದರಲ್ಲಿ. ತೊಳೆದು ಇಡ್ತೀನಿ.

ಲ್ಯಾಬ್ ಕೋಟು
ಬಿಸಿ ನೀರಲ್ಲಿ.

ಸಕ್ಕರೆ ನಾಡು 571401
ನಾನು ಮುದ್ದೆಗೆ ರಾಗಿ ಹಿಟ್ಟು ತರ್ತೀನಿ. ಎಷ್ಟು ಜನ?

ಸೊಪ್ಪಿನ ಸಾರು
ನನಗೆ ಬರೀ ಮುದ್ದೆ ಸಾಕು, ಸೊಪ್ಪಿನ ಸಾರು ನಾನೇ ತರ್ತೀನಿ. ಬಿಲಕ್ಕೆ ಕೈ ಹಾಕೋದು ನೋಡಬೇಕು ಅಷ್ಟೇ.